ಪಾವನ್, ಗ್ಯಾಲಿಯರ್ಡ್ ಮತ್ತು ನಮ್ಮ ಮನೆಯ ಓಲಗ

ನಾನು ಸಂಗೀತ ಕಲಿತವನಲ್ಲ. ಇದನ್ನು ಮೊದಲಿಗೇ ಅರಿಕೆ ಮಾಡಿಕೊಂಡುಬಿಟ್ಟರೆ, ಮುಂದೆ ಬರಬಹುದಾದ ತಪ್ಪುಗಳಿಗೆ ವಾಚಕರಿಂದ ಅರ್ಧ ಕ್ಷಮೆ ದೊರೆತಂತೆ. ಆದರೆ ಸಂಗೀತದ ಮನೆಯಲ್ಲಿ ಹುಟ್ಟಿದವನಲ್ಲ ಎಂದು ಮಾತ್ರ ಹೇಳಲಾರೆ. ಹಾಗೆ ಹೇಳಿಕೊಂಡೇ ಎರಡು ವರ್ಷ ಈ ಕಾಲೇಜಿನ ಕೈಸಾಲೆಗಳಲ್ಲಿ ಓಡಾಡಿದ್ದೇನೆ. ಆ ಮಾತು ಮುಂದೆ ಬರುತ್ತದೆ.

ಹೋದ ವರ್ಷ ನಮ್ಮ ತರಗತಿಗೆ ಷೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ಪಠ್ಯವಾಗಿತ್ತು. ಅದರ ಮೊದಲನೆಯ ಅಂಕದಲ್ಲಿ ಸರ್ ಟೋಬಿ ಎಂಬ ಕುಡುಕ ಮಹಾಶಯ ಸರ್ ಆಂಡ್ರೂ ಎಂಬ ಪೆದ್ದನನ್ನು ಉಬ್ಬಿಸುತ್ತಾನೆ. ಅವನ ಕಾಲುಗಳನ್ನು ಹೊಗಳುತ್ತ ಒಂದೇ ಉಸಿರಿನಲ್ಲಿ ಗ್ಯಾಲಿಯರ್ಡ್, ಕೊರಾಂಟೊ, ಜಿಗ್, ಸಿಂಕಪೇಸ್ ಎಂದು ನಾಲ್ಕು ಕುಣಿತಗಳ ಹೆಸರು ಹೇಳುತ್ತಾನೆ. ನಮ್ಮ ಅಧ್ಯಾಪಕರು ಅಲ್ಲಿಗೆ ಬಂದು ಪುಸ್ತಕ ಮುಚ್ಚಿ, “ಗ್ಯಾಲಿಯರ್ಡ್ ಎಂದರೇನು?” ಎಂದು ಕೇಳಿದರು. ಟಿಪ್ಪಣಿಯಲ್ಲಿ ‘ಚುರುಕಾದ ಒಂದು ಕುಣಿತ’ ಎಂದಿತ್ತು. ನಾನು ಎದ್ದು ಅದನ್ನೇ ಒಪ್ಪಿಸಿದೆ. “ಚುರುಕಾದ ಒಂದು ಕುಣಿತ ಎಂದರೆ ಕೋಲಾಟವೂ ಆಯಿತು. ಷೇಕ್ಸ್‌ಪಿಯರನ ಸಭಿಕರು ಈ ಮಾತಿಗೆ ಏಕೆ ನಗುತ್ತಿದ್ದರು, ಅದನ್ನು ತಿಳಿದುಕೊಂಡು ಬಾ. ಬಂದ ಮೇಲೆ ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆದುಕೊಡು” ಎಂದರು. ಶಿಕ್ಷೆಯೆಂದೇ ಆಗ ತಿಳಿದೆ. ಈ ಪ್ರಬಂಧ ಆ ಶಿಕ್ಷೆಯ ಫಲ.

ಹುಡುಕುತ್ತ ಹೋದವನಿಗೆ ಮೊದಲು ಸಿಕ್ಕವನು ಇಂಗ್ಲಿಷಿನವನಲ್ಲ, ಒಬ್ಬ ಫ್ರೆಂಚ್ ಪಾದ್ರಿ. ಲಾಂಗ್ರ್ ಎಂಬ ಊರಿನ ಝಾನ್ ತಾಬೂರೊ ಎಂಬಾತ ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ‘ತ್ವಾನೊ ಆರ್ಬೊ’ ಎಂದು ಕರೆದುಕೊಂಡು, 1589ರಲ್ಲಿ ನೃತ್ಯದ ಮೇಲೆ ‘ಆರ್ಕೆಸೊಗ್ರಫಿ’ ಎಂಬ ಪುಸ್ತಕವನ್ನು ಪ್ರಕಟಿಸಿದ. ಆಗ ಆತನಿಗೆ ಸುಮಾರು ಎಪ್ಪತ್ತು ವರ್ಷ. ಪುಸ್ತಕವೆಲ್ಲ ಗುರುಶಿಷ್ಯರ ಸಂವಾದ. ಕಾನೂನು ಓದಿ ಊರಿಗೆ ಮರಳಿದ ಕಾಪ್ರಿಯೋಲ್ ಎಂಬ ತರುಣ, ಕುಣಿಯಲು ಬಾರದೆ ನಾಲ್ಕು ಜನರ ಮುಂದೆ, ಅದರಲ್ಲೂ ಹೆಣ್ಣುಮಕ್ಕಳ ಮುಂದೆ, ನಗೆಪಾಟಲಾಗುತ್ತಿದ್ದೇನೆಂದು ಮುದುಕನ ಬಳಿಗೆ ಬರುತ್ತಾನೆ. ಮುದುಕ ಒಂದೊಂದು ಹೆಜ್ಜೆಯನ್ನೂ ಸ್ವರಗಳ ಪಕ್ಕದಲ್ಲಿಯೇ ಬರೆದು ಕಲಿಸುತ್ತಾನೆ. ಡಿಗ್ರಿ ಕೈಗೆ ಬಂದರೂ ಸಭೆಯಲ್ಲಿ ಹೇಗೆ ನಿಲ್ಲಬೇಕೆಂದು ತಿಳಿಯದ ಆ ಹುಡುಗನ ಮೇಲೆ ನನಗೆ ಕೂಡಲೇ ಅಭಿಮಾನ ಹುಟ್ಟಿತು.

ಆ ಪುಸ್ತಕದಿಂದ ನಾನು ತಿಳಿದದ್ದು ಇಷ್ಟು. ಅಂದಿನ ಯುರೋಪಿನ ಸಭ್ಯರ ಕೂಟಗಳಲ್ಲಿ ಕುಣಿತಗಳು ಜೋಡಿಯಾಗಿ ಬರುತ್ತಿದ್ದವು. ಮೊದಲು ಪಾವನ್. ಇದು ಎರಡರ ಎಣಿಕೆಯದು. ಬಲು ನಿಧಾನ, ಬಲು ಗಂಭೀರ. ಹೆಣ್ಣು ಗಂಡು ಕೈ ಹಿಡಿದು, ಜೋಡಿಯ ಹಿಂದೆ ಜೋಡಿಯಾಗಿ, ಎರಡು ಬಿಡಿ ಹೆಜ್ಜೆ, ಒಂದು ಜೋಡಿ ಹೆಜ್ಜೆ ಎಂಬ ಕ್ರಮದಲ್ಲಿ ಮುಂದಕ್ಕೆ ಸಾಗುವುದು, ಹಿಂದಕ್ಕೆ ಸರಿಯುವುದು. ಕುಣಿತವೆನ್ನುವುದಕ್ಕಿಂತ ಮೆರವಣಿಗೆ ಎನ್ನಬಹುದು. ನಿಲುವಂಗಿ ತೊಟ್ಟ ದೊರೆಗಳಿಗೂ ಕತ್ತಿ ಸಿಕ್ಕಿಸಿಕೊಂಡ ಸರದಾರರಿಗೂ ಇದು ತಕ್ಕದ್ದು. ಅದು ಮುಗಿದೊಡನೆ ಗ್ಯಾಲಿಯರ್ಡ್. ಇದು ಮೂರರ ಎಣಿಕೆಯದು. ಆರು ಎಣಿಕೆಗೆ ಐದು ಹೆಜ್ಜೆ: ಮೊದಲ ನಾಲ್ಕಕ್ಕೆ ಒಂದಾದ ಮೇಲೊಂದು ಕಾಲನ್ನು ಮುಂದೆ ಚಿಮ್ಮಬೇಕು, ಐದಕ್ಕೆ ಗಾಳಿಯಲ್ಲಿ ನೆಗೆಯಬೇಕು, ಆರಕ್ಕೆ ನೆಲ ಮುಟ್ಟಿ ಭಂಗಿಯಲ್ಲಿ ನಿಲ್ಲಬೇಕು. ಫ್ರೆಂಚಿನಲ್ಲಿ ಐದು ಹೆಜ್ಜೆಗೆ ‘ಸ್ಯಾಂಕ್ ಪಾ’. ಇಂಗ್ಲಿಷರ ಬಾಯಲ್ಲಿ ಅದೇ ‘ಸಿಂಕಪೇಸ್’. ಷೇಕ್ಸ್‌ಪಿಯರನ ಸಭಿಕರು ನಕ್ಕದ್ದು ಏಕೆಂದು ಈಗ ಅರ್ಥವಾಯಿತು. ಮೊಣಕಾಲು ನೆಟ್ಟಗಿಲ್ಲದ ಸರ್ ಆಂಡ್ರೂ ಐದನೆಯ ಎಣಿಕೆಗೆ ನೆಗೆದು ಆರನೆಯದಕ್ಕೆ ಎಲ್ಲಿ ಬೀಳುತ್ತಾನೆಂಬುದು ಅವರ ಕಣ್ಣಿಗೆ ಕಟ್ಟಿತ್ತು.

ಎಲಿಜಬೆತ್ ರಾಣಿಗೆ ಈ ಕುಣಿತವೆಂದರೆ ಪ್ರಾಣ. 1589ರಲ್ಲಿ ಅವಳ ಆಸ್ಥಾನದ ಸರ್ ಜಾನ್ ಸ್ಟ್ಯಾನ್‌ಹೋಪ್ ಬರೆದ ಕಾಗದವೊಂದರಿಂದ, ಬೆಳಗಿನ ವ್ಯಾಯಾಮವೆಂದು ಅವಳು ಆರೇಳು ಗ್ಯಾಲಿಯರ್ಡ್ ಕುಣಿಯುತ್ತಿದ್ದಳೆಂದು ತಿಳಿಯುತ್ತದೆ. ಆಗ ಅವಳಿಗೆ 56ನೆಯ ವಯಸ್ಸು. ನಮ್ಮ ವ್ಯಾಯಾಮ ಶಿಕ್ಷಕರು ಕೇಳಿಸಿಕೊಂಡರೆ ನಮಗೆಲ್ಲ ಕಷ್ಟ.

ಇಷ್ಟು ಕುಣಿತದ ಮಾತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕುಣಿತವಲ್ಲ. ಕುಣಿತಕ್ಕೆಂದು ಹುಟ್ಟಿ, ಕುಣಿಯುವವರೆಲ್ಲ ಮನೆಗೆ ಹೋದಮೇಲೂ ಉಳಿದುಕೊಂಡ ಸಂಗೀತ. ಆ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಪಾವನ್ ಗ್ಯಾಲಿಯರ್ಡುಗಳನ್ನು ಬರಿದೆ ಕುಳಿತು ಕೇಳುವುದಕ್ಕೂ ಕುಳಿತು ನುಡಿಸುವುದಕ್ಕೂ ರಚಿಸತೊಡಗಿದರು. ಥಾಮಸ್ ಮಾರ್ಲಿ ಎಂಬ ಸಂಗೀತಗಾರ 1597ರಲ್ಲಿ ಪ್ರಕಟಿಸಿದ ಪಾಠಪುಸ್ತಕದಲ್ಲಿ ಇದರ ಕಟ್ಟನ್ನು ವಿವರಿಸುತ್ತಾನೆ. ಅದೂ ಗುರುಶಿಷ್ಯ ಸಂವಾದವೇ. ಪಾವನ್‌ಗೆ ಸಾಮಾನ್ಯವಾಗಿ ಮೂರು ಖಂಡ, ಒಂದೊಂದನ್ನೂ ಎರಡೆರಡು ಸಲ ನುಡಿಸಬೇಕು. ಅದೇ ಮಟ್ಟನ್ನು ಮೂರರ ಎಣಿಕೆಗೆ ತಿರುಗಿಸಿದರೆ ಹಿಂದಿನಿಂದ ಬರುವ ಗ್ಯಾಲಿಯರ್ಡ್ ಆಗುತ್ತದೆ. ಎರಡನೆಯ ಸಲ ನುಡಿಸುವಾಗ ನಿಪುಣರಾದವರು ಉದ್ದ ಸ್ವರಗಳನ್ನು ಒಡೆದು ಸಣ್ಣ ಸ್ವರಗಳ ಹೆಣಿಗೆಯಿಂದ ತುಂಬುತ್ತಿದ್ದರು. ಕೇಂಬ್ರಿಡ್ಜಿನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿರುವ ಒಂದು ಹಸ್ತಪ್ರತಿಯಲ್ಲಿ, ವರ್ಜಿನಲ್ ಎಂಬ ಮಣೆವಾದ್ಯಕ್ಕಾಗಿ ಬರೆದ ಸುಮಾರು 300 ರಚನೆಗಳಿವೆ. ಅವುಗಳಲ್ಲಿ ಪಾವನ್ ಗ್ಯಾಲಿಯರ್ಡುಗಳು ಹೇರಳ.

ಇವೆಲ್ಲದರ ನಡುವೆ ನನಗೆ ಪ್ರಿಯವಾದದ್ದು ಆಂಟನಿ ಹಾಲ್ಬರ್ನ್ ಎಂಬಾತ 1599ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಸಂಗ್ರಹ. ಐದು ದನಿಗಳಿಗಾಗಿ 65 ರಚನೆಗಳು. ಪಾವನ್, ಗ್ಯಾಲಿಯರ್ಡ್, ಆಲ್ಮೇನ್ ಮತ್ತು ಕೆಲವು ಚಿಕ್ಕ ಮಟ್ಟುಗಳು. ಪಾಠವಿಲ್ಲ, ಸಾಹಿತ್ಯವಿಲ್ಲ, ಕೇವಲ ವಾದ್ಯ. ಆದರೂ ಒಂದೊಂದಕ್ಕೆ ಅವನಿಟ್ಟ ಹೆಸರು ನೋಡಬೇಕು: ವಿಷಾದದ ಪ್ರತಿಮೆ, ಕಲಾದೇವಿಯರ ಕಣ್ಣೀರು, ಜೋಗುಳ, ಇರುಳ ಪಹರೆ, ಜೇನುಬಳ್ಳಿ, ಯಕ್ಷಿಣಿಯರ ಸುತ್ತು. ಯಾವ ವಾದ್ಯಕ್ಕೆ ಎಂಬುದನ್ನೂ ಮುಖಪುಟದಲ್ಲೇ ಹೇಳಿದ್ದಾನೆ: ವಯಲ್‌ಗಳಿಗೆ, ವಯೊಲಿನ್‌ಗಳಿಗೆ ಅಥವಾ ಊದುವ ವಾದ್ಯಗಳಿಗೆ. ಯಾರ ಬಳಿ ಏನಿದೆಯೋ ಅದರಿಂದ ನುಡಿಸಿಕೊಳ್ಳಿ ಎಂಬ ಉದಾರ ಮನಸ್ಸು.

ವಯಲ್ ಎಂದರೆ ನಮ್ಮ ಪಿಟೀಲಲ್ಲ. ಆರು ತಂತಿ, ಕೊರಳಿಗೆ ಕರುಳಿನ ದಾರದ ಮೆಟ್ಟಿಲು. ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುವುದು. ಚಿಕ್ಕದು, ಮಧ್ಯಮ, ದೊಡ್ಡದು ಎಂದು ಒಂದು ಕುಟುಂಬವೇ ಇರುತ್ತದೆ. ಅನುಕೂಲಸ್ಥರ ಮನೆಗಳಲ್ಲಿ ಅವನ್ನು ಒಂದು ಪೆಟ್ಟಿಗೆಯಲ್ಲಿ ಒಟ್ಟಿಗೆ ಇಟ್ಟಿರುತ್ತಿದ್ದರು.

ಈ ಸಂಗ್ರಹದ ವಿಷಯದಲ್ಲಿ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಹಾಲ್ಬರ್ನನದು ಒಂದು ಪುಸ್ತಕವಲ್ಲ, ಐದು ಪುಸ್ತಕ. ಮೇಲಿನ ದನಿಗೊಂದು, ಕೆಳಗಿನ ದನಿಗೊಂದು, ನಡುವಿನ ಮೂರಕ್ಕೆ ಮೂರು. ಒಬ್ಬೊಬ್ಬರ ಕೈಯಲ್ಲಿ ಅವರವರ ದನಿ ಮಾತ್ರ. ಒಂದು ಪುಸ್ತಕವನ್ನು ಎಷ್ಟು ಓದಿದರೂ ಇಡೀ ಹಾಡು ಹೇಗಿದೆಯೆಂದು ತಿಳಿಯುವುದಿಲ್ಲ. ಐದು ಜನ ಕೂಡಿ ಕುಳಿತು ನುಡಿಸಿದಾಗಲೇ ಅದು ಮೈದಾಳುವುದು. ಒಬ್ಬ ಬಾರದಿದ್ದರೆ ಹಾಡಿಗೆ ಕಿಟಕಿಯೊಂದು ಕಿತ್ತುಹೋದಂತೆ. ನಡುವಿನ ದನಿ ಹಿಡಿದವನಿಗೆ ಬಹಳ ಹೊತ್ತು ರಾಗದಂಥದು ಏನೂ ಇರುವುದಿಲ್ಲ, ತುಂಬುವ ಕೆಲಸ. ಆದರೂ ಅವನಿಲ್ಲದೆ ನಡೆಯದು.

ಮಾರ್ಲಿಯೂ ಅದೇ 1599ರಲ್ಲಿ ಇನ್ನೊಂದು ಸಂಗ್ರಹವನ್ನು ಹೊರತಂದ. ಅದು ಆರು ಬೇರೆ ಬೇರೆ ವಾದ್ಯಗಳ ಮೇಳಕ್ಕೆ: ಮೇಲಿನ ವಯಲ್, ಕೊಳಲು, ಕೆಳಗಿನ ವಯಲ್, ಲ್ಯೂಟ್, ಸಿಟರ್ನ್, ಬಂಡೋರಾ. ಅದನ್ನು ಲಂಡನ್ ನಗರದ ಮೇಯರಿಗೂ ನಗರಸಭೆಯ ಹಿರಿಯರಿಗೂ ಅರ್ಪಿಸಿ, ನಗರದ ‘ವೇಟ್ಸ್’ ಎಂಬ ವಾದ್ಯದವರನ್ನು ಅಲ್ಲಿ ನೆನೆದಿದ್ದಾನೆ. ಈ ವೇಟ್ಸ್ ಯಾರು ಎಂದು ನೋಡಹೋದೆ. ನೋಡದಿದ್ದರೆ ಈ ಪ್ರಬಂಧ ಅರ್ಧಕ್ಕೇ ಮುಗಿದು, ನಾನು ಸುಖವಾಗಿ ಇರುತ್ತಿದ್ದೆ.

ವೇಟ್ಸ್ ಎಂದರೆ ಊರಿನ ಓಲಗದವರು. ಬೇರೆ ಮಾತಿನಲ್ಲಿ ಇದನ್ನು ಹೇಳಲು ನನಗೆ ಬಾರದು. ಲಂಡನ್, ಯಾರ್ಕ್, ನಾರಿಚ್ ಮೊದಲಾದ ಊರುಗಳು ಸಂಬಳ ಕೊಟ್ಟು, ಅಂಗಿ ಹೊಲಿಸಿಕೊಟ್ಟು, ಕೆಲವರನ್ನು ಇಟ್ಟುಕೊಂಡಿದ್ದವು. ಮೊದಮೊದಲು ರಾತ್ರಿಯ ಪಹರೆ ಅವರದು. ಬೀದಿಯಲ್ಲಿ ಊದುತ್ತ ಹೊತ್ತು ತಿಳಿಸಬೇಕು. ಆಮೇಲೆ ಊರಿನ ಹಬ್ಬ, ಗಣ್ಯರ ಆಗಮನ, ಮೆರವಣಿಗೆ, ಮದುವೆ ಎಲ್ಲಕ್ಕೂ ಅವರೇ. ಷೇಕ್ಸ್‌ಪಿಯರನ ನಾಟಕ ಮಂಡಳಿಯಲ್ಲಿದ್ದ ವಿಲ್ ಕೆಂಪ್ ಎಂಬ ಹಾಸ್ಯಗಾರ 1600ರಲ್ಲಿ ಲಂಡನ್ನಿನಿಂದ ನಾರಿಚ್ಚಿನವರೆಗೆ ಕುಣಿಯುತ್ತಲೇ ಹೋದ. ಅಲ್ಲಿಯ ವೇಟ್ಸ್‌ಗಳನ್ನು ಮನಸಾರೆ ಹೊಗಳಿ ಬರೆದಿದ್ದಾನೆ. ಅವರು ಬೀದಿಯಲ್ಲಿ ಊದುತ್ತಿದ್ದ ವಾದ್ಯ ‘ಶಾಮ್’. ಅದರ ಚಿತ್ರ ನೋಡಿದೆ. ಮರದ ನಳಿಗೆ, ಕೆಳಗೆ ಅರಳಿದ ಬಾಯಿ, ಮೇಲೆ ಬಾಯಿಗಿಡುವ ತುದಿಯಲ್ಲಿ ಜೊಂಡಿನ ಎರಡು ಎಸಳು. ನಮ್ಮ ಮನೆಯ ಗೂಟಕ್ಕೆ ಬಟ್ಟೆ ಸುತ್ತಿ ತೂಗುಹಾಕಿರುವ ವಸ್ತುವಿನ ದಾಯಾದಿ!

ಆರ್ಬೊನ ಪುಸ್ತಕದಲ್ಲಿ ಮೊದಲ ಸಲ ಕಣ್ಣು ತಪ್ಪಿಸಿದ್ದ ಒಂದು ವಾಕ್ಯ ಆಗ ನೆನಪಿಗೆ ಬಂತು. ಒಳ್ಳೆಯ ಮನೆತನದ ಹೆಣ್ಣುಮಗಳನ್ನು ಮದುವೆಗೆಂದು ಇಗರ್ಜಿಗೆ ಕರೆದೊಯ್ಯುವಾಗ ವಾದ್ಯದವರು ಪಾವನ್ ನುಡಿಸುತ್ತಾರೆ ಎಂದು ಆತ ಹೇಳುತ್ತಾನೆ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಮ್ಮ ತಂದೆಯವರು ಓಲಗದವರು. ನಾಗಸ್ವರ ಅವರದು, ನಮ್ಮ ದೊಡ್ಡಪ್ಪನದು ಡೋಲು, ಶ್ರುತಿ ಹಿಡಿಯುವವನು ನನ್ನ ಚಿಕ್ಕಪ್ಪನ ಮಗ. ಊರ ದೇವಸ್ಥಾನದ ಉತ್ಸವ, ಸುತ್ತಣ ಹತ್ತೂರಿನ ಮದುವೆ, ಗೃಹಪ್ರವೇಶ. ಇವುಗಳಿಂದಲೇ ನಮ್ಮ ಒಲೆ ಹೊತ್ತುವುದು, ನನ್ನ ಫೀಜು ಕಟ್ಟಿದ್ದು. ಆದರೆ ಕಾಲೇಜಿಗೆ ಸೇರಿದ ಮೊದಲ ವಾರ ಗೆಳೆಯರು “ನಿಮ್ಮ ತಂದೆ ಏನು ಮಾಡುತ್ತಾರೆ?” ಎಂದಾಗ, “ಬೇಸಾಯ” ಎಂದೆ. ನಮಗಿರುವುದು ಒಂದು ಎಕರೆಗೂ ಕಡಿಮೆ. ಆ ಸುಳ್ಳಿಗೆ ಅಷ್ಟೇ ನೆಲ ಸಾಕಾಯಿತು.

ಸುಳ್ಳಿಗೆ ಕಾಲಿಲ್ಲವೆನ್ನುತ್ತಾರೆ, ನನ್ನ ಸುಳ್ಳು ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಅನಂತರ ನಮ್ಮ ತರಗತಿಯ ಗೆಳೆಯನೊಬ್ಬನ ಅಕ್ಕನ ಮದುವೆ ಬಂತು. ಹತ್ತು ಹನ್ನೆರಡು ಜನ ಹುಡುಗರು ಒಟ್ಟಾಗಿ ಛತ್ರಕ್ಕೆ ಹೋದೆವು. ಬಾಗಿಲು ದಾಟುವಾಗಲೇ ನನ್ನ ಕಿವಿಗೆ ಗುರುತು ಹತ್ತಿತು. ಒಂದೇ ಸ್ವರವನ್ನು ಹಿಡಿದು ಕೊನೆಗೆ ಸ್ವಲ್ಪ ಅಲುಗಿಸಿ ಬಿಡುವ ರೀತಿ. ಬೆಳಗಿನ ಸಾಧಕದಲ್ಲಿ ನಾನು ಹುಟ್ಟಿದಾಗಿನಿಂದ ಕೇಳಿದ ರೀತಿ. ಮಂಟಪದ ಬಲಕ್ಕೆ, ಜಮಖಾನೆಯ ಮೇಲೆ ನಮ್ಮ ತಂದೆ ಕುಳಿತಿದ್ದರು. ನನ್ನನ್ನು ಕಂಡರು. ವಾದ್ಯ ಬಾಯಲ್ಲಿದ್ದವನು ನಗಲಾರ, ಮಾತಾಡಲಾರ. ಕಣ್ಣು ಮಾತ್ರ ಅರಳಿತು. ಪಕ್ಕದ ಗೆಳೆಯ, “ಓಲಗ ಬಹಳ ಚೆನ್ನಾಗಿದೆ, ಅಲ್ಲವೇನೋ?” ಎಂದ. ನಾನು, “ಏನೋ ಮಾರಾಯ, ನನಗೆ ಅದೆಲ್ಲ ತಿಳಿಯುವುದಿಲ್ಲ” ಎಂದು ಊಟದ ಮನೆಯ ಕಡೆಗೆ ತಿರುಗಿದೆ. ಎರಡನೆಯ ಪಂಕ್ತಿಯಲ್ಲಿ ಕುಳಿತು ಹೋಳಿಗೆ ಉಂಡೆ. ನಾವು ಕೈ ತೊಳೆದು ಹೊರಡುವಾಗಲೂ ಓಲಗದವರಿಗೆ ಇನ್ನೂ ಎಲೆ ಹಾಕಿರಲಿಲ್ಲ.

ಅಂದು ರಾತ್ರಿ ತಂದೆಯವರು ಮನೆಗೆ ಬಂದು ಏನೂ ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಅವರು ಬೈದಿದ್ದರೆ ಬೈಸಿಕೊಂಡ ಸಮಾಧಾನವಾದರೂ ಇರುತ್ತಿತ್ತು.

ಈಗ ಹಾಲ್ಬರ್ನನ ಕಾಲಕ್ಕೆ ಮರಳೋಣ. ಇಂಗ್ಲೆಂಡಿನಲ್ಲಿ ಆಗ ವಾದ್ಯದವರ ಸ್ಥಿತಿ ಏನಿತ್ತೆಂದರೆ, 1572ರಲ್ಲಿ ಅಲೆಮಾರಿಗಳನ್ನು ಶಿಕ್ಷಿಸಲು ಮಾಡಿದ ಕಾನೂನಿನಲ್ಲಿ, ದೊಡ್ಡ ಪ್ರಭುಗಳ ಆಶ್ರಯವಿಲ್ಲದೆ ಊರೂರು ತಿರುಗುವ ನಾಟಕದವರನ್ನೂ ವಾದ್ಯದವರನ್ನೂ ಪುಂಡರ ಪಟ್ಟಿಗೇ ಸೇರಿಸಿತ್ತು. ಆದುದರಿಂದ ಹೇಗಾದರೂ ಒಬ್ಬ ಒಡೆಯನ ಹೆಸರನ್ನು ಬೆನ್ನಿಗೆ ಕಟ್ಟಿಕೊಳ್ಳಬೇಕು. ಹಾಲ್ಬರ್ನ್ ತನ್ನ ಪುಸ್ತಕದ ಮೇಲೆ ‘ಸಭ್ಯ ಗೃಹಸ್ಥ, ರಾಣಿಯ ಸೇವಕ’ ಎಂದು ಬರೆಸಿಕೊಂಡ. ಅದನ್ನು ಓದಿ ನನಗೆ ನಗು ಬರಲಿಲ್ಲ. ನಾನೂ ‘ಬೇಸಾಯಗಾರರ ಮಗ’ ಎಂದು ಬರೆಸಿಕೊಂಡವನೇ.

ಅವನ ಸಮಕಾಲೀನ ಜಾನ್ ಡೌಲೆಂಡ್ ಲ್ಯೂಟ್ ವಾದನದಲ್ಲಿ ಯುರೋಪಿಗೆಲ್ಲ ಹೆಸರಾದವನು. 1600ರಲ್ಲಿ ಅಚ್ಚಾದ ತನ್ನ ಎರಡನೆಯ ಗೀತಸಂಗ್ರಹದ ಮೊದಲ ಗೀತೆಯನ್ನು ಅವನು ಹಾಲ್ಬರ್ನನಿಗೇ ಅರ್ಪಿಸಿದ್ದಾನೆ. 1594ರಲ್ಲಿ ಎಲಿಜಬೆತ್ ರಾಣಿಯ ಆಸ್ಥಾನದಲ್ಲಿ ಒಂದು ಜಾಗ ತೆರವಾಯಿತು, ಡೌಲೆಂಡನಿಗೆ ದೊರೆಯಲಿಲ್ಲ. ತನ್ನ ಕ್ಯಾಥೊಲಿಕ್ ಮತವೇ ಅದಕ್ಕೆ ಕಾರಣವೆಂದು ಅವನು ನಂಬಿದ್ದ. ಪರದೇಶಗಳನ್ನು ಸುತ್ತಿ, 1598ರಿಂದ ಡೆನ್ಮಾರ್ಕಿನ ದೊರೆಯ ಸೇವೆಯಲ್ಲಿದ್ದ. ತನ್ನ ದೇಶದ ಅರಮನೆಯಲ್ಲಿ ಅವನಿಗೆ ಕೆಲಸ ಸಿಕ್ಕಿದ್ದು 1612ರಲ್ಲಿ, ಆ ಹೊತ್ತಿಗೆ ರಾಣಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ನಡುವೆ 1604ರಲ್ಲಿ ಅವನು ‘ಲಾಕ್ರಿಮೆ’, ಎಂದರೆ ‘ಕಣ್ಣೀರು’, ಎಂಬ ಸಂಗ್ರಹವನ್ನು ಪ್ರಕಟಿಸಿದ. ಐದು ವಯಲ್‌ಗಳಿಗೂ ಲ್ಯೂಟಿಗೂ ಬರೆದ 21 ರಚನೆಗಳು. ಅವುಗಳಲ್ಲಿ ಮೊದಲ ಏಳು ಪಾವನ್‌ಗಳು ಏಳು ಕಣ್ಣೀರು. ಮೇಲಿನ ಷಡ್ಜದಿಂದ ಪಂಚಮಕ್ಕೆ, ಸ-ನಿ-ದ-ಪ ಎಂದು ಇಳಿಯುವ ನಾಲ್ಕು ಸ್ವರ; ಏಳೂ ಅಲ್ಲಿಂದಲೇ ತೊಡಗಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ಕುಣಿತಕ್ಕೆಂದು ಹುಟ್ಟಿದ ಮಟ್ಟು ಕುಣಿಯಲಾರದಷ್ಟು ಭಾರವಾಗಿದೆ. ಈ ಪುಸ್ತಕವನ್ನು ಅಚ್ಚು ಹಾಕಿದ ರೀತಿಯೂ ಚೆಂದ. ಒಂದೇ ದೊಡ್ಡ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟು ಸುತ್ತ ಕುಳಿತರೆ, ಅವರವರ ದನಿ ಅವರವರ ಕಡೆಗೆ ಮುಖ ಮಾಡಿರುತ್ತದೆ. ಎಲ್ಲರೂ ಒಂದೇ ಎಲೆಯಲ್ಲಿ ಉಂಡ ಹಾಗೆ.

ಹಾಲ್ಬರ್ನ್ 1602ರಲ್ಲಿ ತೀರಿಕೊಂಡ. ಅದೇ ವರ್ಷದ ಫೆಬ್ರವರಿ 2ರಂದು ಲಂಡನ್ನಿನ ಮಿಡಲ್ ಟೆಂಪಲ್ ಎಂಬಲ್ಲಿ ‘ಟ್ವೆಲ್ಫ್ತ್ ನೈಟ್’ ಆಡಿದರೆಂಬುದಕ್ಕೆ ದಾಖಲೆಯಿದೆ. ಕಾಲ ಕಳೆದಂತೆ ವಯಲ್ ಹೋಗಿ ವಯೊಲಿನ್ ಬಂತು, ಶಾಮ್ ಹೋಗಿ ಓಬೊ ಬಂತು, ಪಾವನ್ ಕುಣಿಯುವವರೇ ಇಲ್ಲವಾದರು. ಇಪ್ಪತ್ತನೆಯ ಶತಮಾನದಲ್ಲಿ ಕೆಲವರು ಇವನ್ನೆಲ್ಲ ಮತ್ತೆ ಎಬ್ಬಿಸಿದರು. ಆರ್ನಲ್ಡ್ ಡಾಲ್ಮೆಚ್ ಹಳೆಯ ವಾದ್ಯಗಳನ್ನು ತಾನೇ ಮಾಡಿ, 1925ರಲ್ಲಿ ಹೇಸಲ್‌ಮಿಯರ್ ಎಂಬ ಊರಿನಲ್ಲಿ ಅವುಗಳ ಉತ್ಸವವನ್ನು ಆರಂಭಿಸಿದ. ಡೇವಿಡ್ ಮನ್ರೊ ಎಂಬ ತರುಣ ಕೇಂಬ್ರಿಡ್ಜಿನಲ್ಲಿ ಓದುವಾಗ ಗೆಳೆಯನ ಕೋಣೆಯ ಗೋಡೆಯ ಮೇಲೆ ನೇತುಹಾಕಿದ್ದ ಕ್ರಂಹಾರ್ನ್ ಎಂಬ ಊದುವಾದ್ಯವನ್ನು ಕಂಡು ಮರುಳಾಗಿ, ಮುಂದೆ ತನ್ನದೇ ಮೇಳ ಕಟ್ಟಿದ. ಗೋಡೆಯ ಮೇಲೆ ತೂಗುವ ವಾದ್ಯವನ್ನು ನೋಡಿ ಒಬ್ಬೊಬ್ಬರಿಗೆ ಒಂದೊಂದು ತೋರುತ್ತದೆ!

ಈ ಮನ್ರೊನ ಮೇಳ ನುಡಿಸಿದ ಹಾಲ್ಬರ್ನನ ‘ಯಕ್ಷಿಣಿಯರ ಸುತ್ತು’ ಎಂಬ ಗ್ಯಾಲಿಯರ್ಡ್ ಇಂದು ಭೂಮಿಯ ಮೇಲೆ ಮಾತ್ರವಲ್ಲ, ಸೂರ್ಯನ ಗಾಳಿಯ ಎಲ್ಲೆಯ ಆಚೆಗೂ ಇದೆ. 1977ರಲ್ಲಿ ಅಮೆರಿಕದವರು ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ತಾಮ್ರದ ತಟ್ಟೆಯೊಂದಿದೆ. ಎಂದಾದರೂ ಯಾರಾದರೂ ಕೇಳಿಯಾರೆಂದು ಕಾರ್ಲ್ ಸೇಗನ್ ಮೊದಲಾದವರು ಅದರಲ್ಲಿ ಲೋಕದ 27 ಸಂಗೀತ ಭಾಗಗಳನ್ನು ತುಂಬಿದರು. ಅವುಗಳಲ್ಲಿ 1 ನಿಮಿಷ 17 ಸೆಕೆಂಡಿನ ಈ ಗ್ಯಾಲಿಯರ್ಡ್ ಒಂದು. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರಕರರ ಭೈರವಿಯೂ ಇದೆ. 55 ಭಾಷೆಗಳ ಶುಭಾಶಯಗಳಿವೆ; ಅವುಗಳಲ್ಲಿ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ಶುಭ ಕೋರುವ ಆ ಪುಟ್ಟ ವಾಕ್ಯವೂ ಹಾಲ್ಬರ್ನನ ಐದು ದನಿಗಳೂ ಒಂದೇ ಬಂಡಿಯಲ್ಲಿ ಪಯಣ ಹೊರಟಿವೆ. ಮನ್ರೊ 1976ರಲ್ಲಿ, ತನ್ನ 33ನೆಯ ವಯಸ್ಸಿನಲ್ಲಿ ತೀರಿಕೊಂಡ. ಕೇಸರಬಾಯಿಯವರು 1977ರ ಸೆಪ್ಟೆಂಬರ್ 16ರಂದು, ಎರಡನೆಯ ನೌಕೆ ಹಾರಿದ ಹನ್ನೊಂದು ದಿನಕ್ಕೆ, ಕಣ್ಮುಚ್ಚಿದರು. ಆ ನೌಕೆಗಳಲ್ಲಿ ಮುಂದಿರುವುದು 2012ರ ಆಗಸ್ಟಿನಲ್ಲಿ ಸೂರ್ಯನ ಗಾಳಿಯ ಎಲ್ಲೆಯನ್ನು ದಾಟಿ, ಈಗ 2400 ಕೋಟಿ ಕಿಲೋಮೀಟರಿಗೂ ದೂರದಲ್ಲಿದೆ. ರಾಜರು, ರಾಣಿಯರು, 1572ರ ಕಾನೂನು ಬರೆದ ಪ್ರಭುಗಳು, ಇವರಲ್ಲಿ ಯಾರೂ ಅಷ್ಟು ದೂರ ಹೋಗಿಲ್ಲ. ಹೋದವರು ವಾದ್ಯದವರು.

ಇದನ್ನು ಓದಿದ ದಿನ ನಾನು ಊರಿಗೆ ಹೋದೆ. ರಾತ್ರಿ ಊಟವಾದ ಮೇಲೆ ತಂದೆಯವರು ಜಗಲಿಯಲ್ಲಿ ಕುಳಿತು ಜೊಂಡಿನ ಎಸಳನ್ನು ಕೆರೆದು ಹದ ಮಾಡುತ್ತಿದ್ದರು. ಪಕ್ಕದಲ್ಲಿ ಕುಳಿತು, ಮೊಬೈಲಿನಲ್ಲಿ ಆ ಗ್ಯಾಲಿಯರ್ಡನ್ನು ಹಾಕಿದೆ.

“ಏನ್ ಮಗಾ ಇದು?”

“ಇಂಗ್ಲೆಂಡಿನ ಓಲಗ ಅಪ್ಪ. ನಾನ್ನೂರು ವರ್ಷದ ಹಿಂದಿನದು.”

ಅವರು ಕೆರೆಯುವುದನ್ನು ನಿಲ್ಲಿಸಿ ಕೇಳಿದರು. ಎರಡನೆಯ ಸಲ ಹಾಕು ಎಂದರು. ಮೂರನೆಯ ಸಲ ಅವರ ಬೆರಳು ಮೊಣಕಾಲಿನ ಮೇಲೆ ಎಣಿಸತೊಡಗಿತು. “ಇವ್ರು ಆಟ ಆಡ್ತಾವ್ರೆ ಕಣ್ಲಾ. ಆರು ಬರ್ತದೆ. ಒಂದ್ಸಲ ಮೂರು ಮೂರು ಅಂತ ಹಾಕ್ತಾರೆ, ಇನ್ನೊಂದ್ಸಲ ಎರಡು ಎರಡು ಎರಡು ಅಂತ ಹಾಕ್ತಾರೆ. ಕುಣಿಯೋನು ಎಚ್ಚರ ತಪ್ಪಿದ್ರೆ ಬಿದ್ದ” ಎಂದರು. ಗ್ಯಾಲಿಯರ್ಡಿನ ಜೀವವೇ ಅದು. ಆರನ್ನು ಎರಡು ಬಗೆಯಲ್ಲಿ ಒಡೆಯುವ ಆ ಚಮತ್ಕಾರವನ್ನು ತಿಳಿಯಲು ನನಗೆ ಮೂರು ಪುಸ್ತಕವೂ ಹದಿನೈದು ದಿನವೂ ಬೇಕಾಗಿತ್ತು.

ಸ್ವಲ್ಪ ಹೊತ್ತಾದ ಮೇಲೆ, “ಶ್ರುತಿ ಹಿಡಿಯೋನು ಎಲ್ಲಿ? ಕೇಳಿಸ್ತಾನೆ ಇಲ್ಲ” ಎಂದರು. ಅವರಲ್ಲಿ ಶ್ರುತಿಗೆಂದು ಬೇರೆ ಒಬ್ಬನಿಲ್ಲ, ಐದು ಜನ ಐದು ದಾರಿಯಲ್ಲಿ ಹೋಗುತ್ತ ಒಬ್ಬರನ್ನೊಬ್ಬರು ಕೇಳಿಕೊಂಡೇ ಸೇರಬೇಕು ಎಂದು ಹೇಳಿದೆ. “ಹಂಗಾದ್ರೆ ಕಷ್ಟ. ಪಕ್ಕದೋನನ್ನ ಕೇಳಿಸ್ಕೊಳ್ದೆ ಇದ್ರೆ ಎಲ್ಲಾ ಹೋಯ್ತು” ಎಂದರು. ಆಮೇಲೆ ಶಾಮ್ ವಾದ್ಯಗಳಲ್ಲಿ ನುಡಿಸಿದ ಒಂದು ಪಾವನ್ ಹಾಕಿದೆ. ಮೊದಲ ಸ್ವರಕ್ಕೇ ಮುಖ ಅರಳಿತು. “ಇದು ನಮ್ ಜೊಂಡು ಕಣ್ಲಾ! ಉಸಿರು ನೋಡು, ಹೆಂಗೆ ಕಟ್ಟವ್ನೆ!”

ಮದುವೆ ಹೆಣ್ಣಿನ ಮುಂದೆ ಇದನ್ನು ಊದುತ್ತಿದ್ದರು ಎಂದೆ. ಅವರು ಎಸಳನ್ನು ದೀಪಕ್ಕೆ ಹಿಡಿದು ನೋಡುತ್ತ ಕೇಳಿದರು: “ಊಟ ಹಾಕ್ತಿದ್ರೇನ್ಲಾ ಇವ್ರಿಗೆ? ಮೊದಲ್ನೇ ಪಂಕ್ತೀಲೋ, ಕೊನೇಲೋ?”

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವರು ಆ ಛತ್ರದ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದರೋ, ವೃತ್ತಿಯವನು ವೃತ್ತಿಯವನ ಯೋಗಕ್ಷೇಮವನ್ನು ವಿಚಾರಿಸುವಂತೆ ಕೇಳಿದರೋ! ನಾನು, “ಅವತ್ತು ಮದುವೆ ಮನೆಯಲ್ಲಿ ತಪ್ಪಾಯ್ತಪ್ಪ” ಎಂದೆ. ಅವರು, “ಹೋಗ್ಲಿ ಬಿಡು. ಅದನ್ನ ಇನ್ನೊಂದ್ಸಲ ಹಾಕು” ಎಂದರು.

ಸಹೃದಯರೇ, ನನ್ನ ಕಥೆ ಇಷ್ಟೇ. ಕಳೆದ ತಿಂಗಳು ವಿದ್ಯಾರ್ಥಿ ಸಂಘದ ಸಭೆಯಲ್ಲಿ, ವಾರ್ಷಿಕೋತ್ಸವಕ್ಕೆ ಬರುವ ಅತಿಥಿಗಳನ್ನು ಬಾಗಿಲಿನಿಂದ ವೇದಿಕೆಯವರೆಗೆ ಓಲಗದೊಡನೆ ಕರೆತರಬೇಕೆಂದು ಸೂಚನೆ ಬಂತು. ಯಾರಿಗಾದರೂ ಓಲಗದವರ ಪರಿಚಯವುಂಟೇ ಎಂದು ಕಾರ್ಯದರ್ಶಿ ಕೇಳಿದ. ನಾನು ಎದ್ದು, “ನಮ್ಮ ತಂದೆಯವರು ಓಲಗದವರು. ಬಹಳ ಚೆನ್ನಾಗಿ ನುಡಿಸುತ್ತಾರೆ” ಎಂದೆ. ಆ ಮದುವೆಯ ಮನೆಯ ಗೆಳೆಯ ಹಿಂದಿನ ಬೆಂಚಿನಲ್ಲಿದ್ದ. ನನ್ನನ್ನು ಒಂದು ಕ್ಷಣ ನೋಡಿ, ಏನನ್ನೂ ಕೇಳದೆ, ಆ ಸೂಚನೆಗೆ ಅನುಮೋದನೆ ಕೊಟ್ಟ.

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ವಾರ್ಷಿಕೋತ್ಸವ ಮುಗಿದಿರುತ್ತದೆ. ವೇದಿಕೆ, ಸ್ವಾಗತ, ಅಲಂಕಾರ ಎಂದು ಸಮಿತಿಗಳನ್ನು ಹಂಚುವಾಗ ನಾನು ಊಟದ ಸಮಿತಿಗೆ ಹೆಸರು ಬರೆಸಿದೆ. ಅಲ್ಲಿ ನನಗೊಂದೇ ಕೆಲಸ ಮುಖ್ಯ. ಓಲಗದವರಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿಸುವುದು.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ